ಸ್ಪೋರ್ಟಿ ಸೆಡಾನ್ ಅಂದರೆ ಏನು? ಬ್ರೋಷರ್‌ನ ಅಂಕಿಗಳು ರಸ್ತೆಯಲ್ಲಿ ಹೇಗೆ ಗೊತ್ತಾಗುತ್ತವೆ

ತೀರ್ಥಹಳ್ಳಿಯಲ್ಲಿರುವ ನಮ್ಮ ಭಾವ ಹತ್ತು ವರ್ಷದಿಂದ ಒಂದೇ ಸಣ್ಣ ಕಾರು ಓಡಿಸುತ್ತಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಕಾರುಗಳ ಜಿಎಸ್‌ಟಿ ಇಳಿದ ಮೇಲೆ ಅವರ ಮನೆಯಲ್ಲೂ ಹೊಸ ಕಾರಿನ ಮಾತು ಶುರುವಾಯಿತು. ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಬ್ರೋಷರ್‌ ಪುಟದ ಫೋಟೊ ಕಳಿಸಿದರು. 1498 ಸಿಸಿ, 150 ಪಿಎಸ್, 250 ಎನ್‌ಎಂ, 7 ಸ್ಪೀಡ್ ಡಿಎಸ್‌ಜಿ, 205/55 ಆರ್16. ಕೆಳಗೆ ಒಂದೇ ಸಾಲು: "ಇದೆಲ್ಲ ಎಂತದೋ ಮಾರಾಯ? ನಂಗೆ ಅರ್ಥ ಆಗೋ ಹಾಗೆ ಹೇಳು."

ಅದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಅನ್ನುವ ಸೆಡಾನ್‌ನ ಬ್ರೋಷರ್. ಸೆಡಾನ್ ಅಂದರೆ ಹಿಂದೆ ಬೇರೆಯೇ ಡಿಕ್ಕಿ ಇರುವ ಕಾರು. ನನ್ನ ಗೆಳೆಯನ ಹತ್ತಿರ ಅದೇ ಕಾರಿದೆ. ಬೆಂಗಳೂರಿನಿಂದ ಶಿವಮೊಗ್ಗ, ತೀರ್ಥಹಳ್ಳಿ, ಆಮೇಲೆ ಆಗುಂಬೆ ಇಳಿದು ಉಡುಪಿ, ಹೀಗೆ ಎರಡು ಸಲ ಅದನ್ನು ಓಡಿಸಿದ್ದೇನೆ. ಹಾಗಾಗಿ ಭಾವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಸ್ಕೋಡಾ ಸ್ಲಾವಿಯಾ, ಹ್ಯುಂಡೈ ವೆರ್ನಾ ಟರ್ಬೊ ನೋಡುತ್ತಿರುವವರಿಗೂ ಇದರಲ್ಲಿ ಬಹಳಷ್ಟು ಅನ್ವಯಿಸುತ್ತದೆ. ಸ್ಲಾವಿಯಾವಂತೂ ವರ್ಟಸ್‌ನ ಒಡಹುಟ್ಟು. ಎರಡಕ್ಕೂ ಅಡಿಪಾಯ ಒಂದೇ, ಎಂಜಿನ್ ಒಂದೇ, ತಯಾರಾಗುವುದೂ ಪುಣೆ ಹತ್ತಿರದ ಚಾಕಣ್‌ನಲ್ಲೇ.

ಮಿಡ್‌ಸೈಜ್ ಅಂದರೆ ಎಷ್ಟು?

ನಮ್ಮ ದೇಶದಲ್ಲಿ ಕಾರಿನ ಗಾತ್ರವನ್ನು ಕಣ್ಣಿಗಿಂತ ಹೆಚ್ಚಾಗಿ ತೆರಿಗೆಯೇ ನಿರ್ಧರಿಸಿದೆ. ಉದ್ದ 4 ಮೀಟರ್ ಒಳಗಿದ್ದು, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗಿದ್ದರೆ ಅದು ಸಣ್ಣ ಕಾರು. (ಸಿಸಿ ಅಂದರೆ ಎಂಜಿನ್ನಿನ ಸಿಲಿಂಡರ್‌ಗಳ ಒಳಗಿನ ಒಟ್ಟು ಜಾಗದ ಅಳತೆ. 1000 ಸಿಸಿ ಅಂದರೆ ಒಂದು ಲೀಟರ್.) ಅದನ್ನು ದಾಟಿ, ಎಂಜಿನ್ ಮಾತ್ರ 1500 ಸಿಸಿ ಒಳಗಿದ್ದರೆ ಮಿಡ್‌ಸೈಜ್. ಹಳೆಯ ಜಿಎಸ್‌ಟಿಯಲ್ಲಿ ಮಿಡ್‌ಸೈಜ್ ಕಾರಿಗೆ 28% ತೆರಿಗೆ, ಅದರ ಮೇಲೆ 17% ಸೆಸ್, ಒಟ್ಟು 45% ಬೀಳುತ್ತಿತ್ತು. ಎಂಜಿನ್ 1500 ಸಿಸಿ ದಾಟಿದರೆ ಇನ್ನೂ ಜಾಸ್ತಿ. 1498 ಸಿಸಿ, 1497 ಸಿಸಿ ಅನ್ನುವಂಥ ವಿಚಿತ್ರ ಅಂಕಿಗಳು ಇಷ್ಟೊಂದು ಕಾರುಗಳಲ್ಲಿ ಯಾಕೆ ಕಾಣುತ್ತವೆ ಅಂತ ಈಗ ಗೊತ್ತಾಯಿತಲ್ವಾ? ಗೆರೆ ದಾಟಬಾರದು, ಆದರೆ ಗೆರೆವರೆಗೂ ಹೋಗಬೇಕು.

2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಯಿತು. ಸಣ್ಣ ಕಾರಿಗೆ 18%, ಉಳಿದವಕ್ಕೆ 40%. ಅಂದರೆ ವರ್ಟಸ್‌ನಂಥ ಕಾರಿಗೆ 45 ಇದ್ದದ್ದು 40 ಆಯಿತು. ಸಣ್ಣ ಕಾರಿಗೆ ಸಿಕ್ಕಷ್ಟು ಲಾಭ ಇಲ್ಲಿ ಸಿಗಲಿಲ್ಲ, ಆದರೂ ಒಂದು ಮೆಟ್ಟಿಲು ಕೆಳಗೆ ಬಂತು. ಕರ್ನಾಟಕದವರು ಇನ್ನೊಂದು ಲೆಕ್ಕವನ್ನೂ ತಲೆಯಲ್ಲಿಟ್ಟುಕೊಳ್ಳಬೇಕು. 10 ಲಕ್ಷದಿಂದ 20 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ನಮ್ಮಲ್ಲಿ ಜೀವಾವಧಿ ತೆರಿಗೆ 17%, ಅದರ ಮೇಲೆ ಸೆಸ್ ಬೇರೆ. ಶೋರೂಮ್ ಬೆಲೆಗೂ ಮನೆ ಮುಂದೆ ಬಂದು ನಿಲ್ಲುವ ಬೆಲೆಗೂ ಲಕ್ಷಗಳ ವ್ಯತ್ಯಾಸ ಬರುವುದು ಹೀಗೆ.

ಅಳತೆಯಲ್ಲಿ ವರ್ಟಸ್ 4561 ಮಿ.ಮೀ. ಉದ್ದ, 1752 ಮಿ.ಮೀ. ಅಗಲ. ಹಳೆ ಮನೆಗಳ ಕಾರು ಶೆಡ್‌ಗೆ ಇದು ಹಿಡಿಯುತ್ತದಾ ಅಂತ ಮೊದಲೇ ಟೇಪ್ ಹಿಡಿದು ನೋಡಿ. ಬದಿಯ ಕನ್ನಡಿಗಳನ್ನು ಮಡಚದೆ ಇದ್ದಾಗಿನ ಅಗಲ ಇನ್ನೂ ಜಾಸ್ತಿ ಇರುತ್ತದೆ.

ಪಿಎಸ್, ಎನ್‌ಎಂ: ರುಬ್ಬುವ ಕಲ್ಲಿನ ಲೆಕ್ಕ

ಬ್ರೋಷರ್‌ನ ಈ ಎರಡು ಅಂಕಿಗಳನ್ನು ಅರ್ಥ ಮಾಡಿಕೊಂಡರೆ ಅರ್ಧ ಕಾರು ಅರ್ಥವಾದ ಹಾಗೆ.

ರುಬ್ಬುವ ಕಲ್ಲನ್ನು ನೆನಪಿಸಿಕೊಳ್ಳಿ. ನೆಂದ ಅಕ್ಕಿ ಉದ್ದು ಹಾಕಿ ಗುಂಡನ್ನು ತಿರುಗಿಸಲು ಶುರು ಮಾಡಿದಾಗ ಮೊದಲ ಸುತ್ತಿಗೆ ತೋಳಿನಲ್ಲಿ ಬಲ ಬೇಕು. ಆ ತಿರುಗಿಸುವ ಬಲವೇ ಟಾರ್ಕ್. ಅದನ್ನು ಅಳೆಯುವುದು ನ್ಯೂಟನ್ ಮೀಟರ್‌ನಲ್ಲಿ, ಅಂದರೆ ಎನ್‌ಎಂ. ಇನ್ನು ಒಂದು ಗಂಟೆಯಲ್ಲಿ ಎಷ್ಟು ಹಿಟ್ಟು ರುಬ್ಬಿ ಮುಗಿಸಿದಿರಿ ಅನ್ನುವುದು ಶಕ್ತಿ, ಅಂದರೆ ಪವರ್. ಅದರ ಅಳತೆ ಪಿಎಸ್. ತೋಳಿನಲ್ಲಿ ಬಲ ಕಡಿಮೆ ಇದ್ದರೂ ಸರಸರ ತಿರುಗಿಸಿದರೆ ಅಷ್ಟೇ ಹಿಟ್ಟು ಆಗಬಹುದು. ಬಲ ಜಾಸ್ತಿ ಇದ್ದರೆ ನಿಧಾನಕ್ಕೆ ತಿರುಗಿಸಿದರೂ ಆಗುತ್ತದೆ.

ಎಂಜಿನ್ನಿನಲ್ಲೂ ಹಾಗೇ. ಟಾರ್ಕ್ ಅನ್ನು ಎಂಜಿನ್ ತಿರುಗುವ ವೇಗದಿಂದ ಗುಣಿಸಿದರೆ ಪವರ್ ಬರುತ್ತದೆ. ತಿರುಗುವ ವೇಗ ಅಂದರೆ ಆರ್‌ಪಿಎಂ, ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ. ವರ್ಟಸ್ ಜಿಟಿಯ 1.5 ಲೀಟರ್ ಎಂಜಿನ್ ತನ್ನ ಪೂರ್ತಿ 250 ಎನ್‌ಎಂ ಅನ್ನು 1600 ಆರ್‌ಪಿಎಂನಲ್ಲೇ ಕೊಡುತ್ತದೆ, 3500ರವರೆಗೂ ಅದನ್ನು ಬಿಡುವುದಿಲ್ಲ. ನಾವು ದಿನಾ ಓಡಿಸುವುದು ಹೆಚ್ಚುಕಮ್ಮಿ ಈ ಎರಡು ಅಂಕಿಗಳ ನಡುವೆಯೇ. ಇದು ಬಹಳ ಮುಖ್ಯವಾದ ವಿಷಯ, ಬ್ರೋಷರ್‌ನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಹೋಲಿಕೆಗೆ ಹೋಂಡಾ ಸಿಟಿಯ 1.5 ಲೀಟರ್ ಪೆಟ್ರೋಲ್ ಎಂಜಿನ್ ತೆಗೆದುಕೊಳ್ಳಿ. ಅದಕ್ಕೆ ಟರ್ಬೊ ಇಲ್ಲ. 121 ಪಿಎಸ್, 145 ಎನ್‌ಎಂ. 121ಕ್ಕೂ 150ಕ್ಕೂ ಅಂಥ ದೊಡ್ಡ ಅಂತರ ಕಾಣುವುದಿಲ್ಲ. ಆದರೆ ಸಿಟಿಯ 145 ಎನ್‌ಎಂ ಬರುವುದು 4300 ಆರ್‌ಪಿಎಂಗೆ. ಎರಡೂ ಕಾರು 2000 ಆರ್‌ಪಿಎಂನಲ್ಲಿ ಇವೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಆ ಕ್ಷಣಕ್ಕೆ ವರ್ಟಸ್‌ನ ಹತ್ತಿರ ಸುಮಾರು 71 ಪಿಎಸ್ ಇರುತ್ತದೆ. ಸಿಟಿ ತನ್ನ ಗರಿಷ್ಠ ಟಾರ್ಕ್ ಪೂರ್ತಿ ಅಲ್ಲೇ ಕೊಟ್ಟಿತು ಅಂತ ಇಟ್ಟುಕೊಂಡರೂ 42 ಮುಟ್ಟುವುದಿಲ್ಲ. ಸ್ಪೋರ್ಟಿ ಅನ್ನುವ ಭಾವನೆ ಹುಟ್ಟುವುದು ಈ ವ್ಯತ್ಯಾಸದಲ್ಲಿ. ಕಾಲು ಒತ್ತಿದ ತಕ್ಷಣ ಬೆನ್ನು ಸೀಟಿಗೆ ಅಂಟುತ್ತದೆ. ಹಾಗಂತ ಸಿಟಿಯ ಎಂಜಿನ್ ಕಡಿಮೆಯದು ಅಂತ ಅಲ್ಲ. ಅದು ನಯವಾಗಿ, ಒಂದೇ ಸಮನೆ ಮೇಲೇರುತ್ತದೆ, ಅಂಥದ್ದೇ ಬೇಕು ಅನ್ನುವವರು ತುಂಬಾ ಜನ ಇದ್ದಾರೆ. ಇಷ್ಟೇ: ಅದರಿಂದ ಜೋರು ಬೇಕಾದರೆ ಎಂಜಿನ್ ಅನ್ನು ಜಾಸ್ತಿ ತಿರುಗಿಸಬೇಕು.

ಟರ್ಬೊ ಅನ್ನುವ ಊದುಗೊಳವೆ

ಒಂದೂವರೆ ಲೀಟರ್ ಎಂಜಿನ್ನಿಗೆ ಇಷ್ಟು ಬಲ ಎಲ್ಲಿಂದ ಬಂತು? ಸೌದೆ ಒಲೆಯ ಮುಂದೆ ಕೂತವರಿಗೆ ಉತ್ತರ ಗೊತ್ತಿದೆ. ಬೆಂಕಿ ಮಂಕಾದಾಗ ಊದುಗೊಳವೆಯಿಂದ ಊದಿದರೆ ಅದೇ ಸೌದೆ ಧಗ್ಗನೆ ಹತ್ತಿಕೊಳ್ಳುತ್ತದೆ. ಸೌದೆ ಜಾಸ್ತಿ ಆಗಲಿಲ್ಲ, ಗಾಳಿ ಜಾಸ್ತಿ ಆಯಿತು.

ಎಂಜಿನ್ನಿಗೂ ಗಾಳಿಯೇ ಮಿತಿ. ಪೆಟ್ರೋಲ್ ಎಷ್ಟು ಬೇಕಾದರೂ ಚಿಮ್ಮಿಸಬಹುದು, ಅದು ಉರಿಯಲು ಬೇಕಾದ ಗಾಳಿ ಸಿಲಿಂಡರ್‌ನಲ್ಲಿ ಹಿಡಿಯಬೇಕಲ್ಲ. ಟರ್ಬೊ ಆ ಗಾಳಿಯನ್ನು ಒತ್ತಿ ತುಂಬುತ್ತದೆ. ಊದುವ ಶ್ರಮವನ್ನು ಅದು ಎಂಜಿನ್ನಿನಿಂದ ನೇರವಾಗಿ ಕೇಳುವುದಿಲ್ಲ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಒಳಗೆ ತುಂಬುತ್ತದೆ. ಆ ಚಕ್ರಗಳು ನಿಮಿಷಕ್ಕೆ ಲಕ್ಷ ಸುತ್ತಿಗೂ ಜಾಸ್ತಿ ತಿರುಗುತ್ತವೆ.

ಇದರಲ್ಲೇ ಒಂದು ತೊಡಕೂ ಇದೆ. ಹೊಗೆ ಜೋರಾಗಿ ಬಂದರೆ ತಾನೇ ಚಕ್ರ ತಿರುಗುವುದು? ರೋಡ್ ಹಂಪ್ ದಾಟಿ, ಎರಡನೇ ಗೇರಿನಲ್ಲಿ, ಎಂಜಿನ್ 1200 ಆರ್‌ಪಿಎಂನಲ್ಲಿ ಗುನುಗುತ್ತಿರುವಾಗ ಆಕ್ಸಿಲರೇಟರ್ ಒತ್ತಿ ನೋಡಿ. ಒಂದು ಗಳಿಗೆ ಏನೂ ಆಗುವುದಿಲ್ಲ. ಮುಳ್ಳು ಮೆಲ್ಲಗೆ ಮೇಲೇರುತ್ತದೆ, 1500, 1600, ಆಮೇಲೆ ಯಾರೋ ಹಿಂದಿನಿಂದ ತಳ್ಳಿದ ಹಾಗೆ ಕಾರು ಮುಂದಕ್ಕೆ ಹೋಗುತ್ತದೆ. ಆ ಒಂದು ಗಳಿಗೆಯ ಕಾಯುವಿಕೆಗೆ ಟರ್ಬೊ ಲ್ಯಾಗ್ ಅನ್ನುತ್ತಾರೆ. ಹೊಸದಾಗಿ ಟರ್ಬೊ ಕಾರು ಹತ್ತಿದವರು ಇಲ್ಲಿ ಎಡವುತ್ತಾರೆ. ಏನೂ ಆಗಲಿಲ್ಲ ಅಂತ ಇನ್ನಷ್ಟು ಒತ್ತುತ್ತಾರೆ, ಅಷ್ಟರಲ್ಲಿ ಟರ್ಬೊ ಎದ್ದಿರುತ್ತದೆ, ಮುಂದಿನ ವಾಹನ ಹತ್ತಿರ ಬಂದುಬಿಡುತ್ತದೆ. ಮೊದಲ ವಾರ ಕಾಲು ಹಗುರ ಇರಲಿ. ಆಮೇಲೆ ಪಾದಕ್ಕೆ ತಾನಾಗಿಯೇ ಅಭ್ಯಾಸವಾಗುತ್ತದೆ.

ಲಾರಿ ಹಿಂದೆ ಸಿಕ್ಕಿಕೊಂಡಾಗ

ಈ ಬಲದಿಂದ ಸಾಮಾನ್ಯ ಜನಕ್ಕೆ ಏನು ಉಪಯೋಗ ಅಂತ ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು ವರ್ಟಸ್ ಜಿಟಿಗೆ ಸುಮಾರು 9 ಸೆಕೆಂಡ್ ಸಾಕು ಅನ್ನುತ್ತಾರೆ. ಆದರೆ ನಿಂತಲ್ಲಿಂದ 100ಕ್ಕೆ ಯಾರು ದಿನಾ ಓಡುತ್ತಾರೆ? ನಿಜವಾದ ಉಪಯೋಗ ಎರಡು ಲೇನ್ ರಸ್ತೆಯಲ್ಲಿ ಓವರ್‌ಟೇಕ್ ಮಾಡುವಾಗ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವಾಗ ಗಾಜನೂರು, ಮಂಡಗದ್ದೆ ದಾರಿಯನ್ನೇ ನೋಡಿ. ಒಂದು ಕಡೆ ತುಂಗೆ, ಇನ್ನೊಂದು ಕಡೆ ಕಾಡು, ನಡುವೆ ತಿರುವುಗಳು. ಲೋಡ್ ತುಂಬಿದ ಲಾರಿ 40ರಲ್ಲಿ ಹೋಗುತ್ತಿದೆ. ನೀವು ಅದರ ಹಿಂದೆ 15 ಮೀಟರ್ ದೂರದಲ್ಲಿ ಇದ್ದೀರಿ. ಲಾರಿಯ ಉದ್ದ, ನಿಮ್ಮ ಕಾರಿನ ಉದ್ದ, ದಾಟಿದ ಮೇಲೆ ಬಿಡಬೇಕಾದ ಅಂತರ ಎಲ್ಲ ಸೇರಿಸಿದರೆ ಲಾರಿಗಿಂತ ಸುಮಾರು 50 ಮೀಟರ್ ಹೆಚ್ಚು ಓಡಬೇಕು. ನಾಲ್ಕು ಜನ, ಸಾಮಾನು ತುಂಬಿದ ಸಣ್ಣ ಎಂಜಿನ್ನಿನ ಕಾರಿಗೆ ಇದಕ್ಕೆ 10 ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. ಬಲ ಇರುವ ಕಾರು 80 ಕಿ.ಮೀ. ವೇಗ ದಾಟದೆಯೇ 7 ಸೆಕೆಂಡ್‌ನಲ್ಲಿ ಮುಗಿಸುತ್ತದೆ. ಮೂರೇ ಸೆಕೆಂಡ್. ಎದುರಿನಿಂದ ಒಂದು ಬಸ್ಸು 60ರಲ್ಲಿ ಬರುತ್ತಿದ್ದರೆ ಆ ಮೂರು ಸೆಕೆಂಡ್‌ನಲ್ಲಿ ಅದೊಂದೇ 50 ಮೀಟರ್ ಹತ್ತಿರ ಬರುತ್ತದೆ. ನೀವು ಓಡುವ ದೂರವನ್ನೂ ಸೇರಿಸಿದರೆ ಮೊದಲ ಕಾರಿಗೆ ಕಣ್ಣಮುಂದೆ ಸುಮಾರು 330 ಮೀಟರ್ ಖಾಲಿ ರಸ್ತೆ ಬೇಕು, ಎರಡನೆಯದಕ್ಕೆ ಸುಮಾರು 245.

ಈ ಲೆಕ್ಕವನ್ನು ಒಂದೊಂದಾಗಿ ಹೇಳಿದಾಗ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ದಾರಿಯಲ್ಲಿ ಅವರು ಎಷ್ಟು ಸಲ ಲಾರಿ ಹಿಂದೆ ಕಾದು ಕಾದು, ಆಮೇಲೆ ಧೈರ್ಯ ಮಾಡಿ ನುಗ್ಗಿದ್ದಾರೋ ನನಗೆ ಗೊತ್ತು. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. 245 ಮೀಟರ್ ಕಾಣದ ತಿರುವಿನಲ್ಲಿ 150 ಪಿಎಸ್ ಇದ್ದರೂ ಒಂದೇ, 60 ಪಿಎಸ್ ಇದ್ದರೂ ಒಂದೇ.

ಎರಡು ಕ್ಲಚ್, ಒಂದು ಪಂಕ್ತಿ

ಡಿಎಸ್‌ಜಿ ಒಂದು ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಕಾಲಿಗೆ ಕ್ಲಚ್ ಪೆಡಲ್ ಇರುವುದಿಲ್ಲ. ಒಳಗೆ ಮಾತ್ರ ಒಂದಲ್ಲ, ಎರಡು ಕ್ಲಚ್ ಇರುತ್ತವೆ. ಕ್ಲಚ್ ಅಂದರೆ ಎಂಜಿನ್ ಮತ್ತು ಗೇರನ್ನು ಸೇರಿಸುವ, ಬಿಡಿಸುವ ಕೊಂಡಿ.

ಮದುವೆ ಮನೆಯ ಪಂಕ್ತಿಯಲ್ಲಿ ಒಬ್ಬರೇ ಬಡಿಸಿದರೆ ಏನಾಗುತ್ತದೆ? ಅನ್ನದ ಪಾತ್ರೆ ಇಟ್ಟು ಬಂದು, ಸಾರಿನ ಬಕೆಟ್ ಎತ್ತಿಕೊಂಡು ಬರುವ ತನಕ ಉಣ್ಣುವವರು ಕಾಯಬೇಕು. ಮಾಮೂಲಿ ಗೇರ್ ಬದಲಾಯಿಸುವಾಗ ಆಗುವ ಖಾಲಿ ಗಳಿಗೆ ಇದೇ. ಇಬ್ಬರು ಬಡಿಸಿದರೆ ಒಬ್ಬರು ಅನ್ನ ಹಾಕುವಾಗಲೇ ಇನ್ನೊಬ್ಬರು ಸೌಟಿನಲ್ಲಿ ಸಾರು ಹಿಡಿದು ನಿಂತಿರುತ್ತಾರೆ. ಡಿಎಸ್‌ಜಿಯಲ್ಲಿ ಒಂದು ಕ್ಲಚ್ 1, 3, 5, 7ನೇ ಗೇರ್ ನೋಡಿಕೊಳ್ಳುತ್ತದೆ, ಇನ್ನೊಂದು 2, 4, 6. ಮೂರರಲ್ಲಿ ಓಡುತ್ತಿರುವಾಗಲೇ ನಾಲ್ಕು ಸಿದ್ಧವಾಗಿರುತ್ತದೆ. ಒಂದು ಬಿಡುವುದು, ಇನ್ನೊಂದು ಹಿಡಿಯುವುದು ಒಟ್ಟಿಗೇ ಆಗುವುದರಿಂದ ಎಳೆತ ತುಂಡಾಗುವುದಿಲ್ಲ. ಕಿವಿಗೆ ಮಾತ್ರ ಎಂಜಿನ್ನಿನ ಸ್ವರ ಒಂದು ಮನೆ ಇಳಿದ ಹಾಗೆ ಕೇಳುತ್ತದೆ, ಅಷ್ಟೇ.

ಈ ಏಳು ಗೇರಿನ ಪೆಟ್ಟಿಗೆಯಲ್ಲಿ ಕ್ಲಚ್‌ಗಳು ಒಣ ಕ್ಲಚ್‌ಗಳು. ತಣ್ಣಗೆ ಮಾಡಲು ಅವುಗಳ ಸುತ್ತ ಎಣ್ಣೆ ಇರುವುದಿಲ್ಲ. ಅದು ತಾಳುವ ಮಿತಿಯೂ 250 ಎನ್‌ಎಂ, ಅಂದರೆ ಈ ಎಂಜಿನ್ ಕೊಡುವಷ್ಟೇ. ಸಿಲ್ಕ್ ಬೋರ್ಡ್‌ನಂಥ ಜಾಗದಲ್ಲಿ ಅಡಿ ಅಡಿ ತೆವಳುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಿರುತ್ತದೆ. ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ಸವೆತ. ಪರಿಹಾರ ಸುಲಭ. ಮುಂದಿನ ಕಾರು ಒಂದಡಿ ಸರಿದ ಕೂಡಲೇ ನೀವೂ ಸರಿಯಬೇಡಿ. ಸ್ವಲ್ಪ ಜಾಗ ಆಗುವ ತನಕ ಬ್ರೇಕ್ ಒತ್ತಿ ನಿಲ್ಲಿ, ಆಮೇಲೆ ಒಂದೇ ಸಲ ಹೋಗಿ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಕಾರನ್ನು ತಡೆದು ನಿಲ್ಲಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ. ದಿನಾ ಎರಡು ಗಂಟೆ ಇಂಥ ಟ್ರಾಫಿಕ್‌ನಲ್ಲೇ ಕಳೆಯುವವರು ಇದನ್ನು ಗಂಭೀರವಾಗಿ ಯೋಚಿಸಬೇಕು. ಕೈಯಲ್ಲೇ ಗೇರ್ ಹಾಕುವ ಇಷ್ಟ ಇರುವವರಿಗೆ 2023ರಿಂದ 1.5 ಎಂಜಿನ್ ಜೊತೆ ಆರು ಗೇರಿನ ಮ್ಯಾನುವಲ್ ಕೂಡ ಇದೆ.

ಆಗುಂಬೆ ಇಳಿಯುವಾಗ

ಸ್ಪೋರ್ಟಿ ಅನ್ನುವ ಮಾತಿನ ಇನ್ನರ್ಧ ಇರುವುದು ತಿರುವಿನಲ್ಲಿ. ನನ್ನ ಮಟ್ಟಿಗೆ ಇದೇ ದೊಡ್ಡ ಅರ್ಧ.

ನೀರು ತುಂಬಿದ ಕೊಡವನ್ನು ತಲೆ ಮೇಲೆ ಇಟ್ಟುಕೊಂಡು ಗಕ್ಕನೆ ತಿರುಗಿದರೆ ಮೈಯೆಲ್ಲ ವಾಲುತ್ತದೆ. ಅದೇ ಕೊಡ ಸೊಂಟದ ಮೇಲಿದ್ದರೆ ಅಷ್ಟು ವಾಲುವುದಿಲ್ಲ. ಭಾರ ಎಷ್ಟು ಎತ್ತರದಲ್ಲಿದೆ ಅನ್ನುವುದೇ ವಿಷಯ. ಇದಕ್ಕೆ ಕಣ್ಣಮುಂದೆ ಒಳ್ಳೆಯ ಉದಾಹರಣೆ ಇದೆ. ಫೋಕ್ಸ್‌ವ್ಯಾಗನ್‌ನದೇ ಟೈಗುನ್ ಎಸ್‌ಯುವಿ ಮತ್ತು ವರ್ಟಸ್ ಸೆಡಾನ್ ಎರಡಕ್ಕೂ ಅಡಿಪಾಯ ಒಂದೇ, ಎಂಜಿನ್ ಒಂದೇ, ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರವೂ ಒಂದೇ, 2651 ಮಿ.ಮೀ. ಆದರೆ ಟೈಗುನ್ 1612 ಮಿ.ಮೀ. ಎತ್ತರ, ವರ್ಟಸ್ 1507. ಈ ಹತ್ತು ಸೆಂಟಿಮೀಟರ್ ತಿರುವಿನಲ್ಲಿ ಗೊತ್ತಾಗುತ್ತದೆ, ಅದರಲ್ಲೂ ಹಿಂದೆ ಕೂತವರ ಹೊಟ್ಟೆಗೆ.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ರಸ್ತೆ ಕಿರಿದು, ಮಳೆಗಾಲದಲ್ಲಿ ಮಂಜು, ಕಲ್ಲಿನ ಮೇಲೆಲ್ಲ ಪಾಚಿ. ನಾನು ಇಳಿದದ್ದು ಒಂದು ಸೋನೆ ಮಳೆಯ ಬೆಳಗ್ಗೆ. ತಿರುವಿಗೆ ಮೊದಲೇ ಸ್ಟೀರಿಂಗ್ ಹಿಂದಿನ ಎಡ ಪ್ಯಾಡಲ್ ಎಳೆದೆ. ಗೇರ್ ಎರಡಕ್ಕೆ ಇಳಿಯಿತು, ಎಂಜಿನ್ ಸ್ವರ ಏರಿತು, ಬ್ರೇಕ್ ಮುಟ್ಟದೆಯೇ ಕಾರು ನಿಧಾನವಾಯಿತು. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಆದ್ದರಿಂದ ಗೇರಿನಲ್ಲೇ ವೇಗ ಹಿಡಿಯಬೇಕು. ಸ್ಟೀರಿಂಗ್ ತಿರುಗಿಸಿದಾಗ ಮೂಗು ತಕ್ಷಣ ತಿರುಗಿತು. ಎಷ್ಟು ತಿರುಗಿಸಿದೆನೋ ಅಷ್ಟೇ, ಆಮೇಲೆ ಸರಿ ಮಾಡಬೇಕಾಗಲಿಲ್ಲ. ವೇಗ 25 ದಾಟಿರಲಿಲ್ಲ. ಆದರೂ ಕಾರು ಓಡಿಸುವ ಖುಷಿ ಅಂದರೆ ಏನು ಅಂತ ಆ ದಿನ ಪೂರ್ತಿ ಸಿಕ್ಕಿತು. ಸ್ಪೋರ್ಟಿ ಕಾರಿನ ಸುಖಕ್ಕೆ ವೇಗ ಬೇಕೇ ಬೇಕು ಅಂತ ಇಲ್ಲ ಅನ್ನುವುದನ್ನು ನಾನು ಕಲಿತದ್ದು ಅಲ್ಲೇ. ಅಂದಹಾಗೆ ಘಾಟಿಯಲ್ಲಿ ಏರಿ ಬರುವವರಿಗೆ ಮೊದಲ ದಾರಿ, ಇಳಿಯುವವರು ನಿಂತು ಬಿಡಬೇಕು.

ತಿರುವಿನಲ್ಲಿ ಕಾರನ್ನು ಕಾಯುವ ಇನ್ನೊಂದು ವ್ಯವಸ್ಥೆ ಇಎಸ್‌ಸಿ. ಕಾರು ನೀವು ತಿರುಗಿಸಿದ ಕಡೆ ಹೋಗದೆ ಜಾರಲು ಶುರುವಾದರೆ ಅದು ಬೇಕಾದ ಒಂದೇ ಒಂದು ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುತ್ತದೆ. ದೋಣಿಯಲ್ಲಿ ಒಂದು ಬದಿಗೆ ಮಾತ್ರ ಹುಟ್ಟು ಒತ್ತಿ ಹಿಡಿದರೆ ದೋಣಿ ಆ ಕಡೆ ತಿರುಗುತ್ತದಲ್ಲ, ಹಾಗೆ. ಯಾವುದೇ ಕಾರು ಕೊಳ್ಳಿ, ಸನ್‌ರೂಫ್ ಇದೆಯಾ ಅಂತ ಕೇಳುವ ಮೊದಲು ಇದನ್ನು ಕೇಳಿ.

ಟಯರ್ ಮೇಲಿನ ಬರಹ, ಬ್ರೇಕಿನ ಲೆಕ್ಕ

205/55 ಆರ್16. ಟಯರ್ ಪಕ್ಕ ಕುಕ್ಕರುಗಾಲಲ್ಲಿ ಕೂತರೆ ಇದು ಓದಲು ಸಿಗುತ್ತದೆ. 205 ಅಂದರೆ ಟಯರ್‌ನ ಅಗಲ, ಮಿಲಿಮೀಟರ್‌ನಲ್ಲಿ. 55 ಅಂದರೆ ಟಯರ್‌ನ ಗೋಡೆಯ ಎತ್ತರ ಆ ಅಗಲದ 55%, ಅಂದರೆ ಸುಮಾರು 113 ಮಿ.ಮೀ. ಆರ್ ಅಂದರೆ ರೇಡಿಯಲ್, ಟಯರ್ ಒಳಗಿನ ಎಳೆಗಳನ್ನು ಜೋಡಿಸಿದ ಬಗೆ. 16 ಅಂದರೆ ಒಳಗಿನ ಚಕ್ರದ ವ್ಯಾಸ, ಇಂಚಿನಲ್ಲಿ. ಗೋಡೆ ಗಿಡ್ಡವಾದಷ್ಟೂ ತಿರುವಿನಲ್ಲಿ ಟಯರ್ ಬಳುಕುವುದು ಕಡಿಮೆ, ಹಿಡಿತ ಚೆನ್ನ. ಆದರೆ ಗುಂಡಿಯ ಏಟು ನೇರವಾಗಿ ಚಕ್ರಕ್ಕೆ ಬೀಳುತ್ತದೆ. ಚಂದ ಕಾಣಲಿ ಅಂತ 17, 18 ಇಂಚಿನ ಚಕ್ರ ಹಾಕಿಸುವವರು ಕಳೆದುಕೊಳ್ಳುವುದು ಈ ಗೋಡೆಯನ್ನೇ. ನಮ್ಮ ಗುಂಡಿಗಳಿಗೆ 55ರ ಗೋಡೆ ಸರಿಯಾದ ರಾಜಿ ಅನ್ನುವುದು ನನ್ನ ಅಭಿಪ್ರಾಯ.

ಬ್ರೇಕ್ ಮುಂದೆ ಡಿಸ್ಕ್, ಹಿಂದೆ ಡ್ರಮ್. ಇಷ್ಟು ಬಲದ ಕಾರಿಗೆ ಹಿಂದೆಯೂ ಡಿಸ್ಕ್ ಇರಬೇಕಿತ್ತು ಅನ್ನುವವರಿದ್ದಾರೆ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ಬಾಗುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದೇ. ಅದಕ್ಕಿಂತ ನೆನಪಿಡಬೇಕಾದ್ದು ಇದು: ವೇಗ ಒಂದೂವರೆ ಪಟ್ಟಾದರೆ ನಿಲ್ಲಿಸಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. 80ರಲ್ಲಿ ಇದ್ದವರು 120ಕ್ಕೆ ಹೋದರೆ ಬ್ರೇಕಿನ ಕೆಲಸ ದುಪ್ಪಟ್ಟಿಗೂ ಮಿಕ್ಕಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ 100, ಕ್ಯಾಮೆರಾಗಳೂ ಇವೆ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ಹಾಕಲು ಶುರು ಮಾಡಿದ್ದಾರೆ. ಈ ಕಾರು 100ರಲ್ಲಿ ಎಷ್ಟು ಶಾಂತವಾಗಿರುತ್ತದೆ ಅಂದರೆ ಮುಳ್ಳು 120 ದಾಟಿದ್ದು ಗೊತ್ತೇ ಆಗುವುದಿಲ್ಲ. ಇಟ್ಟ ವೇಗವನ್ನೇ ಕಾರು ತಾನಾಗಿ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಹಾಕಿಟ್ಟುಕೊಳ್ಳಿ.

ಅಪಘಾತದ ಪರೀಕ್ಷೆ ಮಾಡುವ ಗ್ಲೋಬಲ್ ಎನ್‌ಕ್ಯಾಪ್ 2023ರಲ್ಲಿ ವರ್ಟಸ್ ಮತ್ತು ಸ್ಲಾವಿಯಾ ಎರಡಕ್ಕೂ ದೊಡ್ಡವರ ಮತ್ತು ಮಕ್ಕಳ ಸುರಕ್ಷತೆಗೆ 5 ಸ್ಟಾರ್ ಕೊಟ್ಟಿದೆ.

ಒಳಗೆ ಕೂತಾಗ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. 10 ಇಂಚಿನ ಸ್ಕ್ರೀನ್, ಡಿಜಿಟಲ್ ಮೀಟರ್, ಬೆನ್ನಿಗೆ ಗಾಳಿ ಬರುವ ಮುಂದಿನ ಸೀಟು, ಸನ್‌ರೂಫ್, ಆರು ಏರ್‌ಬ್ಯಾಗ್, ಹೊರಗೆ ಅಲ್ಲಲ್ಲಿ ಜಿಟಿ ಅನ್ನುವ ಕೆಂಪು ಗುರುತು. ಇವು ಈಗ ಈ ಬೆಲೆಯ ಹೆಚ್ಚಿನ ಕಾರುಗಳಲ್ಲಿ ಸಿಗುತ್ತವೆ. ಗಾಳಿ ಸೀಟು ಮಾತ್ರ ಮಂಗಳೂರು, ಕಲಬುರಗಿ ಕಡೆಯವರಿಗೆ ನಿಜವಾಗಿ ಬೇಕಾದದ್ದು.

ಡಿಕ್ಕಿ 521 ಲೀಟರ್. ಎರಡು ದೊಡ್ಡ ಸೂಟ್‌ಕೇಸ್, ಒಂದು ಅಕ್ಕಿ ಮೂಟೆ, ಊರಿಂದ ಬರುವಾಗ ಅಮ್ಮ ಕಟ್ಟಿಕೊಡುವ ತೆಂಗಿನಕಾಯಿ ಚೀಲ, ಎಲ್ಲ ಹಿಡಿಯಿತು. ಹಿಂದಿನ ಸೀಟು ಇಬ್ಬರಿಗೆ ಆರಾಮ. ನಡುವೆ ಕೂರುವ ಮೂರನೆಯವರ ಕಾಲ ಕೆಳಗೆ ಉಬ್ಬು ಇದೆ, ದೂರದ ದಾರಿಗೆ ಕಷ್ಟ.

ನೆಲದಿಂದ ಕಾರಿನ ಹೊಟ್ಟೆಗೆ ಇರುವ ಅಂತರ ಖಾಲಿ ಇದ್ದಾಗ 179 ಮಿ.ಮೀ. ಸೆಡಾನ್‌ಗೆ ಇದು ಒಳ್ಳೆಯ ಅಂಕಿ. ಜನ, ಸಾಮಾನು ತುಂಬಿದಾಗ ಇದು ಕಡಿಮೆಯಾಗುತ್ತದೆ ಅನ್ನುವುದನ್ನು ಮರೆಯಬೇಡಿ.

ಪೆಟ್ರೋಲ್ ಎಷ್ಟು ಕುಡಿಯುತ್ತದೆ?

ಈ ಎಂಜಿನ್ನಿನಲ್ಲಿ ಒಂದು ಜಾಣ ಏರ್ಪಾಡಿದೆ. ಸಮತಟ್ಟು ರಸ್ತೆಯಲ್ಲಿ ಹಗುರ ಕಾಲಿನಲ್ಲಿ ಹೋಗುವಾಗ ನಾಲ್ಕು ಸಿಲಿಂಡರ್‌ಗಳಲ್ಲಿ ನಡುವಿನ ಎರಡು ಕೆಲಸ ನಿಲ್ಲಿಸುತ್ತವೆ. ಮನೆಯಲ್ಲಿ ಯಾರೂ ಇಲ್ಲದ ಕೋಣೆಯ ದೀಪ ಆರಿಸಿದ ಹಾಗೆ. ಮೀಟರ್‌ನಲ್ಲಿ ಎರಡು ಸಿಲಿಂಡರ್ ಅನ್ನುವ ಗುರುತು ಬರುತ್ತದೆ, ಅದನ್ನು ನೋಡದಿದ್ದರೆ ಕಾಲಿಗಾಗಲಿ ಕಿವಿಗಾಗಲಿ ಗೊತ್ತೇ ಆಗುವುದಿಲ್ಲ. ಕಾಲು ಸ್ವಲ್ಪ ಒತ್ತಿದರೆ ನಾಲ್ಕೂ ಎದ್ದವು.

2022ರಲ್ಲಿ ಈ ಕಾರು ಬಂದಾಗ ಡಿಎಸ್‌ಜಿಗೆ ಹೇಳಿದ ಮೈಲೇಜ್ ಲೀಟರಿಗೆ 18.67 ಕಿ.ಮೀ. ಹೆದ್ದಾರಿಯಲ್ಲಿ 90 ಬಿಡದೆ ಹೋದಾಗ ನನಗೆ ಅದರ ಹತ್ತಿರ ಹತ್ತಿರ ಸಿಕ್ಕಿತು. ಬೆಂಗಳೂರಿನ ಒಳಗೆ 10 ಸಿಕ್ಕರೆ ದೊಡ್ಡದು. ಟರ್ಬೊ ಕಾರುಗಳಲ್ಲಿ ಈ ಅಂತರ ಯಾವಾಗಲೂ ಜಾಸ್ತಿ, ಯಾಕೆಂದರೆ ಊದಿದಷ್ಟೂ ಸೌದೆಯೂ ಬೇಗ ಉರಿಯುತ್ತದೆ. ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ 20% ಎಥನಾಲ್ ಇದೆ. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ.

ಟೆಸ್ಟ್ ಡ್ರೈವ್‌ನಲ್ಲಿ ಏನು ನೋಡಬೇಕು

ಶೋರೂಮಿನವರು ಸಾಮಾನ್ಯವಾಗಿ ಒಂದು ನೇರ, ಖಾಲಿ ರಸ್ತೆಗೆ ಕರೆದುಕೊಂಡು ಹೋಗಿ "ಒತ್ತಿ ಸಾರ್" ಅನ್ನುತ್ತಾರೆ. ಎಲ್ಲರಿಗೂ ಇಷ್ಟವಾಗುವುದೂ ಆಗಲೇ. ಆದರೆ ನಿಮಗೆ ಬೇಕಾದ್ದು ನಿಮ್ಮ ಮನೆಯ ದಾರಿ. ಭಾವನಿಗೆ ಹೇಳಿದ್ದು ಇಷ್ಟು. ಒಂದು ಕಡಿದಾದ ಏರಿನಲ್ಲಿ ಪೂರ್ತಿ ನಿಲ್ಲಿಸಿ ಮತ್ತೆ ಹೊರಡಿ, ಕಾರು ಹಿಂದಕ್ಕೆ ಜಾರುತ್ತದಾ ನೋಡಿ. ಹಂಪ್ ದಾಟಿದ ಮೇಲೆ ಟರ್ಬೊ ಏಳುವ ತನಕದ ಆ ಗಳಿಗೆ ನಿಮಗೆ ಒಗ್ಗುತ್ತದಾ ನೋಡಿ. ಮನೆ ಗೇಟಿನ ಹತ್ತಿರದ ಆ ಎತ್ತರದ ಹಂಪ್ ಇದೆಯಲ್ಲ, ಅದನ್ನು ನಾಲ್ಕು ಜನ ಕೂತು ಓರೆಯಾಗಿ ದಾಟಿ, ಹೊಟ್ಟೆ ತಾಗುತ್ತದಾ ಕಿವಿಗೊಟ್ಟು ಕೇಳಿ. ಹತ್ತು ನಿಮಿಷ ಪೇಟೆಯ ಟ್ರಾಫಿಕ್‌ನಲ್ಲೂ ಓಡಿಸಿ.

ಇನ್ನೊಂದು ವಿಷಯ ಹೇಳಿದೆ. ಕಾರು ತಿರುವಿನಲ್ಲಿ ಚೆನ್ನಾಗಿರಲು ಕಾರಣವಾದ ಆ ತಗ್ಗಿನ ಮೈಯೇ ವಯಸ್ಸಾದವರ ಮಂಡಿಗೆ ತೊಂದರೆ. ಎಸ್‌ಯುವಿ ಒಳಗೆ ನಡೆದು ಹೋಗಿ ಕೂರುವ ಹಾಗೆ ಇರುತ್ತದೆ. ಸೆಡಾನ್‌ನಲ್ಲಿ ಬಗ್ಗಿ ಇಳಿದು ಕೂರಬೇಕು, ಏಳುವಾಗ ಮೈ ಎತ್ತಬೇಕು. ಭಾವನ ಅಮ್ಮನಿಗೆ ಈಗ 74. ತಿಂಗಳಿಗೆ ಎರಡು ಸಲ ಮಣಿಪಾಲಕ್ಕೆ, ಅದೇ ಆಗುಂಬೆ ದಾರಿಯಲ್ಲಿ, ಡಾಕ್ಟರ ಹತ್ತಿರ ಹೋಗುತ್ತಾರೆ. ಭಾನುವಾರ ಶಿವಮೊಗ್ಗಕ್ಕೆ ಟೆಸ್ಟ್ ಡ್ರೈವ್‌ಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಹಿಂದಿನ ಸೀಟಿನಲ್ಲಿ ಮೂರು ಸಲ ಕೂರಿಸಿ, ಮೂರು ಸಲ ಇಳಿಸಿ ಅಂತ ಹೇಳಿದ್ದೇನೆ. "ಅಮ್ಮ ಹೂಂ ಅಂದ್ರೆ ಬುಕ್ ಮಾಡ್ತೀನಿ" ಅಂದರು ಭಾವ.